ಸೋತವರಿಗೆಲ್ಲ ತಂಡ ಕಟ್ಟಲು ಬರುವುದಿಲ್ಲ

2021ರ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡ 79–152ರಿಂದ ಸೋತಿತು. 73 ಅಂಕಗಳ ಅಂತರದ ಸೋಲನ್ನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಅದಕ್ಕೂ ಮೊದಲು ಕಂಡಿರಲಿಲ್ಲ. 2025ರ ಜೂನ್‌ನಲ್ಲಿ ಅದೇ ತಂಡ ಇಂಡಿಯಾನಾ ಪೇಸರ್ಸ್ ವಿರುದ್ಧ ಏಳನೇ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಗೆಲ್ಲಬೇಕಾದರೆ ಮೊದಲು ಮನಸಾರೆ ಸೋಲಬೇಕು ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದು ಕೇಳುವವರಿದ್ದಾರೆ. ಲೆಕ್ಕ ಬಿಡಿಸಿ ನೋಡಿದರೆ ಸಾಕ್ಷಿ ಉಲ್ಟಾ ನುಡಿಯುತ್ತದೆ.

ಎನ್‌ಬಿಎಯಲ್ಲಿ ಐಪಿಎಲ್‌ನಂಥ ಹರಾಜಿಲ್ಲ. ಡ್ರಾಫ್ಟ್‌ನಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಮೊದಲ ಸರದಿಗಳಿಗೆ ಪ್ಲೇಆಫ್ ತಲುಪದ ತಂಡಗಳ ನಡುವೆ ಲಾಟರಿ. ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ.

ಈ ನಿಯಮವನ್ನೇ ನಂಬಿ ಕೂತದ್ದು ವ್ಯವಸ್ಥಾಪಕ ಸ್ಯಾಮ್ ಹಿಂಕಿ ಅವರ ಫಿಲಡೆಲ್ಫಿಯಾ ತಂಡ. 2013ರಿಂದ ಮೂರು ಋತುಗಳಲ್ಲಿ 246 ಪಂದ್ಯ, 199 ಸೋಲು. ಆ ಅವಧಿಯಲ್ಲಿ ಡ್ರಾಫ್ಟ್‌ನಿಂದ ಮುಖ್ಯವಾಗಿ ತಂದದ್ದಾದರೂ ಯಾರನ್ನು? ನೋಯೆಲ್, ಎಂಬೀಡ್, ಒಕಾಫೋರ್: ವರ್ಷಕ್ಕೊಬ್ಬರಂತೆ ಮೂವರು, ಮೂವರೂ ಸೆಂಟರ್‌ಗಳು. ಬುಟ್ಟಿಯ ಬುಡದ ಒಂದೇ ಜಾಗಕ್ಕೆ ಮೂವರ ಪೈಪೋಟಿ. ಎಂಬೀಡ್ 2023ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರನೇನೋ ಆದರು. ಆದರೆ ತಂಡ 2018ರಿಂದ 2023ರೊಳಗೆ ಐದು ಸಲ ಪ್ಲೇಆಫ್‌ನ ಎರಡನೇ ಸುತ್ತು ತಲುಪಿ ಐದೂ ಸಲ ಅಲ್ಲೇ ಮುಗ್ಗರಿಸಿತು.

ಥಂಡರ್ ಕಥೆ ಬೇರೆ. 2019ರಲ್ಲಿ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ತಾರೆ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ಗೆ ಬಿಟ್ಟುಕೊಟ್ಟು, ಆಗಿನ್ನೂ ಒಂದೇ ಋತು ಆಡಿದ್ದ ಶೇ ಗಿಲ್ಜಸ್‌–ಅಲೆಕ್ಸಾಂಡರ್ ಅವರನ್ನು ಪಡೆದರು. ಜೊತೆಗೆ ಮುಂದಿನ ಡ್ರಾಫ್ಟ್‌ಗಳ ಮೊದಲ ಸುತ್ತಿನ ಐದು ಆಯ್ಕೆಗಳು. ಹೀಗೆ ಬಂದ ಆಯ್ಕೆಯೊಂದರಿಂದಲೇ 2022ರಲ್ಲಿ 12ನೇ ಸರದಿಯಲ್ಲಿ ಜೇಲನ್ ವಿಲಿಯಮ್ಸ್ ಸಿಕ್ಕರು. ಎದುರಾಳಿಗಳನ್ನು ಕಟ್ಟಿಹಾಕುವ ಲು ಡೋರ್ಟ್ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದವರು. ಸ್ವಂತ ಸೋಲಿನ ದೊಡ್ಡ ಫಲವೆಂದರೆ ಎರಡನೇ ಸರದಿಯಲ್ಲಿ ಬಂದ ಚೆಟ್ ಹೋಮ್‌ಗ್ರೆನ್. ಅವರೋ ಕಾಲಿನ ಗಾಯದಿಂದ ಮೊದಲ ಋತುವಿನಲ್ಲಿ ಒಂದು ನಿಮಿಷವೂ ಆಡಲಿಲ್ಲ. ಆ ಋತುವಿನಲ್ಲೇ ತಂಡದ ಗೆಲುವು 24ರಿಂದ 40ಕ್ಕೆ ಏರಿತು! ನನ್ನ ವಾದದ ಜೀವ ಇರುವುದು ಇಲ್ಲಿ.

ಇನ್ನೂ ಮೆಚ್ಚಬೇಕಾದದ್ದು 2024ರ ಬೇಸಿಗೆಯ ನಿರ್ಧಾರ. 57 ಪಂದ್ಯ ಗೆದ್ದ ತಂಡವನ್ನು ಕದಲಿಸಲು ಯಾರಿಗಾದರೂ ಕೈ ನಡುಗುತ್ತದೆ. ಆದರೆ ಚೆಂಡು ಕೈಯಲ್ಲಿದ್ದಾಗಲೇ ಅರಳುವ ಜಾಶ್ ಗಿಡ್ಡಿ, ಚೆಂಡನ್ನು ಗಿಲ್ಜಸ್ ಆಳುವ ತಂಡದಲ್ಲಿ ಹೊಂದುತ್ತಿರಲಿಲ್ಲ. 21ರ ಆ ಪ್ರತಿಭೆಯನ್ನು ಷಿಕಾಗೊಗೆ ಕೊಟ್ಟು, 30 ವರ್ಷದ ರಕ್ಷಣಾ ಪಟು ಅಲೆಕ್ಸ್ ಕರೂಸೊ ಅವರನ್ನು ಪ್ರೆಸ್ಟಿ ಕರೆತಂದರು. ಮರುವರ್ಷ ಗೆಲುವು 68.

ತಂಡ ಕಟ್ಟುವುದು ಸೋಲಲ್ಲ ಎಂದಮೇಲೆ, ಸೋಲಿಗೆ ಬೆಲೆ ಕಟ್ಟುವ ನಿಯಮವನ್ನು ಲೀಗ್ ಇನ್ನಾದರೂ ಬಿಡಬೇಕು. 2019ರಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ ಸಿಗುವ ಅವಕಾಶವನ್ನು ಶೇಕಡ 25ರಿಂದ 14ಕ್ಕೆ ಇಳಿಸಿದ್ದು ಸಾಲಲಿಲ್ಲ. 2024–25ರಲ್ಲಿ ಯೂಟಾ ತನ್ನ ತಾರೆ ಲೌರಿ ಮಾರ್ಕನೆನ್ ಅವರನ್ನು ಹೊರಗೆ ಕೂರಿಸಿ 1 ಲಕ್ಷ ಡಾಲರ್ ದಂಡ ತೆತ್ತಿತು, 65 ಪಂದ್ಯ ಸೋತಿತು, ಕೊನೆಗೆ ಸಿಕ್ಕಿದ್ದು ಐದನೇ ಸರದಿ. ಟಿಕೆಟ್ ಕೊಂಡು ಮಕ್ಕಳನ್ನು ಕರೆತಂದ ಊರಿನವರಿಗೆ ಆ ಋತುವನ್ನು ಯಾರೂ ಮರಳಿ ಕೊಡುವುದಿಲ್ಲ. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ತನ್ನ ಲಾಟರಿಗೆ ಎರಡು ಋತುಗಳ ಸೋಲು–ಗೆಲುವನ್ನು ಒಟ್ಟಿಗೆ ಲೆಕ್ಕ ಹಾಕುತ್ತದೆ. ಕೊನೆಯ ತಿಂಗಳಲ್ಲಿ ಹತ್ತು ಪಂದ್ಯ ಬೇಕೆಂದೇ ಕೈಬಿಟ್ಟರೂ ಆ ಲೆಕ್ಕ ಅಷ್ಟಾಗಿ ಅಲುಗುವುದಿಲ್ಲ. ಪುರುಷರ ಲೀಗ್ ಅಲ್ಲಿಂದಲೇ ಶುರುಮಾಡಲಿ.