ಇಟಗಿಯಲ್ಲಿ ಕಾಣೆಯಾದ ಕಂಬ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕುಕನೂರು ಹತ್ತಿರದ ಇಟಗಿ ಮಹಾದೇವ ದೇವಾಲಯದ ಪನೋರಮಾ ತೆಗೆದು ಅಪ್ಪನಿಗೆ ತೋರಿಸಿದೆ. ಗ್ಲಾಕೋಮಾದಿಂದ ಅಪ್ಪನಿಗೆ ಬದಿಯ ನೋಟ ಹೋಗಿದೆ, ಎದುರಿಗಿದ್ದಷ್ಟೇ ಕಾಣುತ್ತೆ. ಟ್ಯಾಬ್ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತಾ ಹೋದವರು ನಡುವೆ ನಿಂತರು. 'ಇಲ್ಲೊಂದು ಕಂಬ ಎಲ್ಲಿ ಹೋತಪಾ?'

ಜೂಮ್ ಮಾಡಿ ನೋಡಿದೆ. ಹೌದು, ಒಂದು ಕಂಬ ಮಾಯ. ಅದರ ಪಕ್ಕದ್ದು ಡೊಂಕು.

1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಇದು. ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತೆ. ಒಂಬೈನೂರು ವರ್ಷ ನಿಂತ ಕಂಬವನ್ನು ನನ್ನ ಫೋನು ಅರ್ಧ ನಿಮಿಷದಲ್ಲಿ ಕೆಡವಿತ್ತು!

ಕಾರಣ ಸರಳ. ಒಂದು ಕಣ್ಣು ಮುಚ್ಚಿ, ಮುಖದ ಮುಂದೆ ಹೆಬ್ಬೆರಳು ಹಿಡಿದು, ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ. ಬೆರಳು ಹಿಂದಿನ ಗೋಡೆ ಮೇಲೆ ಜಾರಿದ ಹಾಗೆ ಕಾಣುತ್ತೆ. ಇದೇ ಪ್ಯಾರಲಾಕ್ಸ್. ನಾವು ಕೈ ಚಾಚಿ ಸುತ್ತು ತಿರುಗಿದರೆ ಲೆನ್ಸ್ ಜಾಗ ಬದಲಿಸುತ್ತೆ. ಹತ್ತಿರದ ಕಂಬ ಒಂದು ಕಡೆ, ದೂರದ ಕಂಬ ಇನ್ನೊಂದು ಕಡೆ ಹೋಗುತ್ತೆ. ಎರಡನ್ನೂ ಹೊಲಿಯಲಾಗದೆ ಸಾಫ್ಟ್‌ವೇರ್ ಒಂದನ್ನು ನುಂಗುತ್ತೆ. ಆನೆಗೊಂದಿಯ ಬೆಟ್ಟದ ಮೇಲಿಂದ ತೆಗೆದರೆ ಈ ತೊಂದರೆ ಇಲ್ಲ, ಅಲ್ಲಿ ಎಲ್ಲವೂ ದೂರ. ಕಂಬಗಳ ನಡುವೆ ನಿಂತಾಗಲೇ ಫಜೀತಿ.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಎಳೆ ಬಿಸಿಲು ನೇರ ಮಂಟಪಕ್ಕೆ ಬೀಳುತ್ತೆ. ಸಂರಕ್ಷಿತ ಸ್ಮಾರಕ, ಟ್ರೈಪಾಡ್‌ಗೆ ಪುರಾತತ್ವ ಇಲಾಖೆ ಅನುಮತಿ ಬೇಕು. ಹಾಗಾಗಿ ಬರಿಗೈಯಲ್ಲೇ ಹೀಗೆ ಮಾಡಿದೆ:

• ನೆಲದ ಮೇಲೆ ಒಂದು ಸಣ್ಣ ಕಲ್ಲಿಟ್ಟೆ. ಲೆನ್ಸ್ ಸದಾ ಅದರ ನೇರ ಮೇಲೆ, ಅದರ ಸುತ್ತ ತಿರುಗಿದ್ದು ನಾನು.

• ಪನೋರಮಾ ಮೋಡ್ ಬಿಟ್ಟೆ. ಫೋನ್ ಉದ್ದಕ್ಕೆ ಹಿಡಿದು, ಅಲ್ಟ್ರಾವೈಡ್ ಬಳಸದೆ, 1ಎಕ್ಸ್‌ನಲ್ಲಿ ಒಂಬತ್ತು ಬಿಡಿ ಫೋಟೋ. ಪ್ರತಿಯೊಂದೂ ಹಿಂದಿನದನ್ನು ಅರ್ಧದಷ್ಟು ಆವರಿಸಬೇಕು.

• ಬಿಸಿಲು ಬಿದ್ದ ಕಂಬದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ ಲಾಕ್ ಮಾಡಿದೆ. ಇಲ್ಲದಿದ್ದರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕಪ್ಪಗೆ ಬಂದು ಹೊಲಿಗೆ ಎದ್ದು ಕಾಣುತ್ತೆ.

• ಮೊಣಕೈ ಪಕ್ಕೆಗೆ ಒತ್ತಿ, ಎರಡು ಸೆಕೆಂಡ್ ಟೈಮರ್ ಹಾಕಿದೆ. ಬಟನ್ ಒತ್ತುವಾಗ ಆಗುವ ಅಲುಗಾಟವೇ ಫೋಟೋ ಮಸುಕಾಗೋಕೆ ಸಾಕು. ಅದಕ್ಕೂ ಮುಂಚೆ ಲೆನ್ಸ್ ಒರೆಸಿ, ಜೇಬಿನ ಜಿಡ್ಡು ಬಿಡಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಹ್ಯೂಗಿನ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಜೋಡಿಸಿದೆ. ಬಳಪದ ಕಲ್ಲಿನ ಕಂಬಗಳ ನುಣುಪು, ಕೆತ್ತನೆಯ ಒಂದೊಂದು ಗೆರೆ, ಎಲ್ಲಾ ಸ್ಪಷ್ಟ.

ಈ ಮಹಾದೇವ ತನ್ನ ತಂದೆ ತಾಯಿಯ ಹೆಸರಲ್ಲೂ ಪಕ್ಕದಲ್ಲೇ ಗುಡಿ ಕಟ್ಟಿಸಿದವನು. ನನ್ನಿಂದ ಆಗಿದ್ದು ಒಂದು ಫೋಟೋ ಅಷ್ಟೇ. ಅಪ್ಪ ಟ್ಯಾಬ್ ತಗೊಂಡು, ಬೆರಳಿಂದ ಸರಿಸುತ್ತಾ, ಈ ತುದಿಯಿಂದ ಆ ತುದಿವರೆಗೆ ಎಣಿಸಿದರು. 'ಈಗ ಲೆಕ್ಕ ಬರೋಬ್ಬರಿ ಬಂತು ನೋಡು.'

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, 'ಒಂದಿನ ಕರ್ಕೊಂಡು ಹೋಗಪಾ. ಕಣ್ಣು ಪೂರಾ ಹೋಗೋದ್ರಾಗ ಇನ್ನೊಮ್ಮೆ ಖುದ್ದು ನೋಡಿ ಬರ್ತೀನಿ.'

ಸಂಕ್ರಾಂತಿಗೆ ರಜೆ ಹಾಕಿದ್ದೇನೆ.