ದಾಖಲೆಯ ಗಣಕಕ್ಕೆ ಯಾವ ಮಾರ್ಗ?

ದಾಖಲಾತಿ ಪುಸ್ತಕ, ಅಂಕಪಟ್ಟಿ, ದಾನಿಗಳ ಖಾತೆ ಮೊದಲಾದ ವಿದ್ಯಾಸಂಸ್ಥೆಗಳ ಕಡತಗಳು ಇಂದು ಗಣಕಯಂತ್ರವನ್ನು ಸೇರುತ್ತಿವೆ. ಲಿನಕ್ಸ್ ಕಾರ್ಯವ್ಯವಸ್ಥೆಯೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವೂ ಶುಲ್ಕವಿಲ್ಲದೆ ದೊರೆಯುವುದರಿಂದ ಅಲ್ಪ ಆದಾಯದ ಸಂಸ್ಥೆಗಳಿಗೂ ಇದು ಸಾಧ್ಯವಾಗಿದೆ. ಆದರೆ ಆ ತಂತ್ರಾಂಶವನ್ನು ಸ್ಥಾಪಿಸುವ ಬಗೆಯಲ್ಲಿ ಎರಡು ಪಂಥಗಳುಂಟು.

ಮೂಲಸಂಕೇತವನ್ನೇ ತಂದು ಕೈಯಾರೆ ಕಟ್ಟುವುದು ಒಂದು. 'ಕಾನ್ಫಿಗರ್', 'ಮೇಕ್' ಎಂಬ ಆಜ್ಞೆಗಳಿಂದ ಅದನ್ನು ಯಂತ್ರಕ್ಕೆ ಒಗ್ಗಿಸಿ, ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, 'ಇನಿಟ್‌ಡಿಬಿ'ಯಿಂದ ದತ್ತಾಂಶದ ಕೋಶವನ್ನು ಅಣಿಗೊಳಿಸಿ, ಯಂತ್ರದೊಡನೆ ಸೇವೆಯೂ ಎಚ್ಚರಗೊಳ್ಳುವಂತೆ ಏರ್ಪಡಿಸಬೇಕು. ಇನ್ನೊಂದು ಪ್ಯಾಕೇಜ್ ಮ್ಯಾನೇಜರಿನ ಮಾರ್ಗ. ಡೆಬಿಯನ್‌ನಲ್ಲಿ 'ಆಪ್ಟ್'ಗೆ ಒಂದು ಆಜ್ಞೆಯಿತ್ತರೆ ಇವೆಲ್ಲವೂ ತಾವಾಗಿಯೇ ನೆರವೇರುತ್ತವೆ.

ಕೈಯಾರೆ ಕಟ್ಟುವುದೇ ಪಾಂಡಿತ್ಯವೆಂದು ನಮ್ಮ ತರುಣರು ಬಗೆಯುವುದುಂಟು. ಪಾಠವೆಂದು ನೋಡಿದರೆ ಅದು ಉತ್ತಮವಾದುದೇ. ಪ್ರಯೋಗಶಾಲೆಯ ಯಂತ್ರದಲ್ಲಿ ಪ್ರತಿ ವಿದ್ಯಾರ್ಥಿಯೂ ಒಮ್ಮೆ ಮಾಡಿನೋಡಲಿ. ಕಚೇರಿಯ ಯಂತ್ರಕ್ಕೆ ಮಾತ್ರ ಅದು ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ. ಕಟ್ಟಿದ ತರುಣ ಮರುವರ್ಷ ಉದ್ಯೋಗಕ್ಕೆಂದು ಬೆಂಗಳೂರಿಗೆ ಹೊರಟರೆ, ಯಾವ ಕಡತವನ್ನು ಎಲ್ಲಿರಿಸಿದನೆಂದು ಹೇಳುವವರಾರು? ಪ್ಯಾಕೇಜಿನಿಂದ ಬಂದುದಾದರೆ 'ಡಿಪಿಕೆಜಿ' ಎಂಬ ಸಾಧನವೇ ಅದರ ಲೆಕ್ಕವನ್ನು ಒಪ್ಪಿಸುತ್ತದೆ.

2025ರ ಫೆಬ್ರವರಿ 13ರಂದು ಪೋಸ್ಟ್‌ಗ್ರೆಸ್‌ನ ಗಂಭೀರವಾದೊಂದು ಭದ್ರತಾ ದೋಷಕ್ಕೆ ತಿದ್ದುಪಡಿ ಹೊರಬಂದಿತು; ಆ ತಿದ್ದುಪಡಿಯಲ್ಲಿಯೇ ಕುಂದು ಕಂಡುಬಂದು ಫೆಬ್ರವರಿ 20ರಂದು ಮತ್ತೊಂದು ಬಂದಿತು. ಕೈಯಾರೆ ಕಟ್ಟಿಕೊಂಡವರು ಸುದ್ದಿಯನ್ನು ತಾವೇ ಅರಸಿ, ಎಂಟು ದಿನಗಳೊಳಗೆ ಎರಡು ಬಾರಿ ಕಟ್ಟಬೇಕಾಯಿತು. ಪ್ಯಾಕೇಜನ್ನು ನಂಬಿದವರಿಗೆ ಅಂಥ ತಿದ್ದುಪಡಿಗಳು ವಾಡಿಕೆಯ ನವೀಕರಣದೊಡನೆಯೇ ಬರುತ್ತವೆ.

ಪ್ಯಾಕೇಜಿನಲ್ಲಿ ಹಳೆಯ ಆವೃತ್ತಿ ಇರುತ್ತದೆಂಬ ಆಕ್ಷೇಪವುಂಟು. ಅದು ನಿಜವೇ, 2023ರ ಡೆಬಿಯನ್ 12ರಲ್ಲಿ ಇರುವುದು ಪೋಸ್ಟ್‌ಗ್ರೆಸ್ 15. ಆದರೆ ಪ್ರತಿ ಪ್ರಧಾನ ಆವೃತ್ತಿಗೂ ಅದರ ನಿರ್ಮಾಪಕರು 5 ವರ್ಷಗಳ ಕಾಲ ತಿದ್ದುಪಡಿ ಒದಗಿಸುತ್ತಾರೆ. ಅಂಕಪಟ್ಟಿಗೆ ಅದಕ್ಕಿಂತ ಹೊಸತನವೇಕೆ? ಬೇಕೇ ಬೇಕೆನ್ನುವವರಿಗೆ ಆ ನಿರ್ಮಾಪಕರದೇ ಆದ ಪ್ಯಾಕೇಜ್ ಭಂಡಾರವೂ ಇದೆ.

ಎರಡು ಕೆಲಸಗಳನ್ನು ಮಾತ್ರ ಪ್ಯಾಕೇಜು ತಾನಾಗಿ ಮಾಡದು. ಒಂದು ಪ್ರಧಾನ ಆವೃತ್ತಿಯಿಂದ ಮುಂದಿನದಕ್ಕೆ ದತ್ತಾಂಶವನ್ನು ಸಾಗಿಸುವುದು ಮನುಷ್ಯರ ಹೊಣೆ. 'ಪಿಜಿ ಡಂಪ್'ನಿಂದ ಪ್ರತಿಯೆತ್ತಿ ಬೇರೊಂದು ಕಟ್ಟಡದಲ್ಲಿ ಇರಿಸುವುದೂ ಹಾಗೆಯೇ. ಯಂತ್ರಕ್ಕೆಂದು ಧನ ನೀಡುವ ಮಹನೀಯರು ಆ ಪ್ರತಿ ಎಲ್ಲಿದೆಯೆಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸಬೇಕೆಂದು ಅರಿಕೆ.