ಹಳೆಯ ಸುರುಳಿಗಳ ಪೇಟೆ

ಹಳೆಯ ಸಾಮಾನು ಸುಲಭವಾಗಿ ದೊರೆಯತೊಡಗಿದರೆ ಹೊಸದನ್ನು ಮಾಡುವವನ ಪಾಡೇನು? ಅಮೆರಿಕಾ ದೇಶದ ಒಂದು ಸಣ್ಣ ಕಸುಬಿನ ವಿಚಾರವನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಪಿಯಾನೋ ವಾದ್ಯವನ್ನು ಕೈಯಿಂದ ಮುಟ್ಟದೆಯೇ ನುಡಿಸುವ ಉಪಾಯಗಳಲ್ಲಿ, ಎಡ್ವಿನ್ ವೋಟಿ ಎಂಬಾತನು 1895ರಲ್ಲಿ ರಚಿಸಿದ ಪಿಯಾನೋಲಾ ಬಹು ಪ್ರಸಿದ್ಧವಾದದ್ದು. ಇಂಥ ವಾದ್ಯಕ್ಕೆ 11¼ ಅಂಗುಲ ಅಗಲದ ಕಾಗದದ ಸುರುಳಿಯೇ ಜೀವಾಳ. ಅದರ ತುಂಬ ರಂಧ್ರಗಳು. ಕುಳಿತವನು ಕಾಲಿನಿಂದ ತಿದಿಯನ್ನು ತುಳಿದಂತೆ ಸುರುಳಿ ಬಿಚ್ಚಿಕೊಂಡು ಒಂದು ಪಟ್ಟಿಯ ಮೇಲೆ ಹರಿಯುವುದು. ರಂಧ್ರ ಬಂದಲ್ಲಿ ಗಾಳಿ ಒಳನುಗ್ಗಿ ಆಯಾ ಸ್ವರದ ಸುತ್ತಿಗೆ ತಂತಿಗೆ ಬಡಿಯುವುದು. ಸಂಗೀತದ ಗಂಧವಿಲ್ಲದ ಗೃಹಸ್ಥನೂ ವಾದಕನಾದನು! ರೇಡಿಯೋ ಬಂದ ಮೇಲೆ ಈ ವೈಭವವು ಇಳಿಯಿತು.

ಅಟ್ಟ ಸೇರಿದ್ದ ಆ ಸುರುಳಿಗಳನ್ನು ಈಗ ಮೊಮ್ಮಕ್ಕಳು ಪೆಟ್ಟಿಗೆಗಟ್ಟಲೆ ಅಂತರಜಾಲದ ಹರಾಜಿಗೆ ಹಾಕುತ್ತಾರೆ. 1995ರಲ್ಲಿ ಆರಂಭವಾದ ಈಬೇಯಂಥ ಪೇಟೆಗಳು ಬರುವ ಮುನ್ನ, ಹಳೆಯ ಸುರುಳಿ ಊರಿನ ಗುಜರಿಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಈಗ ಮನೆಯಲ್ಲಿ ಕುಳಿತೇ ಇಡೀ ದೇಶವನ್ನು ಜಾಲಾಡಬಹುದು.

ಈ ಮಾರಾಟದಿಂದ ತಯಾರಕನಿಗೆ ಬಿಡಿಗಾಸೂ ಸಲ್ಲದು. ಇದರ ಬೇರು 1908ರಲ್ಲಿದೆ. ಆ ವರ್ಷ ಅಮೆರಿಕಾದ ಪರಮೋಚ್ಚ ನ್ಯಾಯಸ್ಥಾನವು ಒಂದು ಪುಸ್ತಕದ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ಪ್ರತಿಯ ಮರುಮಾರಾಟಕ್ಕೆ ಪ್ರಕಾಶಕನು ಬೆಲೆ ಕಟ್ಟುಮಾಡಲಾರನೆಂದು ತೀರ್ಮಾನಿಸಿತು. ಅದೇ ವರ್ಷ, ಸುರುಳಿಯು ಸಂಗೀತಕೃತಿಯ ಪ್ರತಿಯೇ ಅಲ್ಲವೆಂದೂ ಅದೇ ನ್ಯಾಯಸ್ಥಾನವು ಹೇಳಿತ್ತು. ಆದರೆ 1909ರ ಶಾಸನದಿಂದ ತಯಾರಕನು ಸುರುಳಿಯೊಂದಕ್ಕೆ ಎರಡು ಸೆಂಟು ತೆರಬೇಕಾಯಿತು. ಹೀಗೆ ಹೊಸದನ್ನು ಮಾಡುವವನಿಗೆ ಕಾಗದ, ಯಂತ್ರ, ಹಾಡಿನ ಹಕ್ಕು, ಎಲ್ಲಕ್ಕೂ ವೆಚ್ಚ; ಹಳೆಯದನ್ನು ಮಾರುವವನಿಗೆ ಅಂಚೆಯ ಕೂಲಿ ಮಾತ್ರ. ಅನ್ಯಾಯವೆನ್ನೋಣವೇ? ಕೊಂಡವನ ಸ್ವತ್ತು ಕೊಂಡವನದು, ನಾವಂತೂ ಹಾಗೆನ್ನಲಾರೆವು.

1900ರಲ್ಲಿ ಹುಟ್ಟಿದ ಕ್ಯೂ.ಆರ್.ಎಸ್. ಸಂಸ್ಥೆಯು 2008ರ ಕೊನೆಗೆ ಬಫಲೋ ನಗರದ ತನ್ನ ಕಾರ್ಖಾನೆಯಲ್ಲಿ ಸುರುಳಿಯ ತಯಾರಿಕೆಯನ್ನು ನಿಲ್ಲಿಸಿತು. ಅನಂತರ ಅದು ಪುನಃ ಆರಂಭವಾಯಿತು. ಹಳೆಯ ಮಾಲಿನ ಪೇಟೆಯೊಂದನ್ನೇ ಇದಕ್ಕೆ ಹೊಣೆಮಾಡುವುದು ತರವಲ್ಲ. ನುಡಿಯುವ ಸ್ಥಿತಿಯಲ್ಲಿರುವ ವಾದ್ಯಗಳೇ ವಿರಳವಾಗಿವೆ. ಮೇಲಾಗಿ, ಅಪೂರ್ವವಾದ ಹಳೆಯ ಸುರುಳಿಯ ರಂಧ್ರಗಳನ್ನು ಓದಿ ಹೊಸ ಕಾಗದಕ್ಕೆ ಇಳಿಸುವವರಿಗೆ ಮೂಲಪ್ರತಿ ಒದಗುವುದೂ ಇಂಥ ಹರಾಜುಗಳಲ್ಲಿಯೇ. ಓಲೆಗರಿಗಳನ್ನು ತಲೆತಲಾಂತರದಿಂದ ಪ್ರತಿಮಾಡಿದ ಲಿಪಿಕಾರರಿಲ್ಲದಿದ್ದರೆ ನಾವು ಪಾಠಶಾಲೆಯಲ್ಲಿ ಓದಿದ ಕಾವ್ಯನಾಟಕಗಳು ಎಲ್ಲಿರುತ್ತಿದ್ದುವು?

ಆದರೆ ತೊಡಕಿರುವುದು ಇಲ್ಲಿಯೇ. ಹಳೆಯ ಕಾಗದ ಪೆಡಸಾಗಿ ಅಂಚು ಹರಿಯುವುದು. ಹರಿದ ಸುರುಳಿಯಿಂದ ಅಪಸ್ವರ ಹೊರಡುವುದು. ಆಗ ಬೇಕಾದವನು ಹೊಸ ಪ್ರತಿ ತೆಗೆಯುವಾತನೇ. ಅವನ ಯಂತ್ರವೋ, ಹಲವು ಹಾಳೆಗಳನ್ನು ಒಟ್ಟಿಗೆ ಪೇರಿಸಿ ಒಂದೇ ಏಟಿಗೆ ಕೊರೆಯತಕ್ಕದ್ದು. ಹಲವರು ಗಿರಾಕಿಗಳು ಕೂಡಿದರೆ ಮಾತ್ರ ಕೆಲಸ ಗಿಟ್ಟುವುದು. ಅದೇ ಹಾಡಿನ ಹಳೆಯ ಸುರುಳಿ ಅಗ್ಗವಾಗಿ ದೊರೆತವನು ಆ ಪಟ್ಟಿಯಲ್ಲಿ ತನ್ನ ಹೆಸರನ್ನು ಬರೆಸುವುದಿಲ್ಲ. ಅವನ ಸುರುಳಿ ಇನ್ನೂ ಹರಿದಿಲ್ಲವಷ್ಟೆ.